ಹನ್ನೆರಡು ಬ್ಲೌಸು, ಒಂದು ಬೆನ್ನು

ಫೋಟೋಗೆ ಬೆನ್ನು ಮಾಡಿ ನಿಲ್ಲುವುದು ಸುಲಭದ ಕೆಲಸ ಅಂತ ನಾನೂ ಅಂದುಕೊಂಡಿದ್ದೆ. ಮುಖವಾದರೆ ನಗಬೇಕು, ಕಣ್ಣು ಮುಚ್ಚಿಹೋಗದ ಹಾಗೆ ನೋಡಿಕೊಳ್ಳಬೇಕು. ಬೆನ್ನಿಗೇನು ಕಷ್ಟ? ಹಾಗಲ್ಲ ಅಂತ ಬೇಗನೇ ತಿಳಿಯಿತು. ಒಳಗೆ ಸ್ವಲ್ಪ ಅಳುಕಿದ್ದರೂ ಸಾಕು, ಭುಜ ಕಿವಿಯ ಕಡೆ ಏರುತ್ತದೆ. ಹೆಗಲಿನ ಮೂಳೆ ಎರಡೂ ಹತ್ತಿರ ಬಂದು ಬ್ಲೌಸಿನ ನಡುವೆ ನೆರಿಗೆ ಬೀಳುತ್ತದೆ. ಹೊಲಿದವಳು ಎಷ್ಟು ಚೆನ್ನಾಗಿ ಹೊಲಿದಿದ್ದರೂ ಆ ಒಂದು ನೆರಿಗೆ ಎಲ್ಲವನ್ನೂ ಕೆಡಿಸುತ್ತದೆ.

ಹೊಲಿಯುವವಳು ಕಡೂರಿನ ನಮ್ಮ ಬೀದಿಯ ಕೊನೆಯಲ್ಲಿರುವ ಲೇಡೀಸ್ ಟೈಲರ್. ನನಗಿಂತ ಆರೇಳು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಇದ್ದಾಗ, ಯಾರದೋ ಬ್ಲೌಸನ್ನು ಅಂಗಡಿಯ ಬೊಂಬೆಗೆ ಹಾಕಿ ಪಿನ್ನು ಚುಚ್ಚಿ ಫೋಟೋ ತೆಗೆಯಲು ಒದ್ದಾಡುತ್ತಿದ್ದಳು. ಬೊಂಬೆಯ ಮೈಯಲ್ಲಿ ಬ್ಲೌಸು ಹಗ್ಗಕ್ಕೆ ಒಣಹಾಕಿದ ಹಾಗೆ ಕಾಣುತ್ತಿತ್ತು. "ಅಕ್ಕ, ನಿಮ್ಮ ಅಳತೇನೇ ಇದು. ಒಂದ್ನಿಮಿಷ ಹಾಕ್ಕೊಳ್ರಿ, ಹಿಂದ್ಗಡೆಯಿಂದ ಒಂದು ಫೋಟೋ ಹೊಡ್ಕೋತೀನಿ" ಅಂದಳು. ಪರದೆಯ ಹಿಂದೆ ಹೋಗಿ ಹಾಕಿಕೊಂಡು ನಿಂತೆ. ಅವಳು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಸಂಜೆಯೊಳಗೆ ಅದೇ ಡಿಸೈನು ಬೇಕು ಅಂತ ಐದಾರು ಜನ ಫೋನ್ ಮಾಡಿದರು.

ಆಮೇಲೆ ಹೊಸ ಡಿಸೈನು ಬಂದಾಗಲೆಲ್ಲ ನನಗೆ ಕರೆ ಬರುತ್ತಿತ್ತು. ಒಗ್ಗರಣೆ ಹಾಕಿ, ಗ್ಯಾಸ್ ಆಫ್ ಮಾಡಿ ಹೋಗಿ ನಿಂತು ಬರುತ್ತಿದ್ದೆ. ಮದುವೆಯಾಗಿ ಹದಿನೇಳು ವರ್ಷವಾಗಿತ್ತು. ಇದು ನಿನ್ನ ಕೈಲಿ ಚೆನ್ನಾಗಿ ಆಗುತ್ತದೆ ಅಂತ ಮನೆಯ ಹೊರಗಿನವರೊಬ್ಬರು ನನಗೆ ಹೇಳಿದ್ದು ಅದೇ ಮೊದಲು. ಅದಕ್ಕೇ ಆ ಕೆಲಸ ಬಿಡಲು ನನಗೆ ಮನಸ್ಸಿರಲಿಲ್ಲ.

ಮುಂದಿನ ವರ್ಷ ತರೀಕೆರೆಯ ಸಗಟು ಅಂಗಡಿಯವರು ಆ ಫೋಟೋಗಳನ್ನು ನೋಡಿದರು. ಲೈನಿಂಗು, ಲೇಸು, ಫಾಲ್ಸು ಮಾರುವವರು. ಅವರಿಗೆ ಒಂದು ಕ್ಯಾಲೆಂಡರ್ ಬೇಕಿತ್ತು. ತಿಂಗಳಿಗೊಂದರಂತೆ ಹನ್ನೆರಡು ಬ್ಲೌಸಿನ ಹಿಂಭಾಗ, ಜೊತೆಗೆ ಒಂದು ಮೊದಲ ಪುಟ. ಕಡೂರು, ತರೀಕೆರೆ, ಅಜ್ಜಂಪುರದ ಎಲ್ಲ ಟೈಲರ್ ಅಂಗಡಿಗಳ ಗೋಡೆಗೂ ಅದು ಹೋಗಬೇಕು. ಹೊಲಿಯುವವಳು ನಮ್ಮ ಟೈಲರ್, ನಿಲ್ಲುವವಳು ನಾನು. ಚೆನ್ನಾಗಿ ಬಂದರೆ ಅವರ ಅಂಗಡಿಯ ಪ್ರದರ್ಶನದ ಬ್ಲೌಸೆಲ್ಲ ಇನ್ನು ಮುಂದೆ ಅವಳೇ ಹೊಲಿಯಬೇಕು ಅಂತ ಮಾತಾಯಿತು.

ನನ್ನ ಯಜಮಾನರು ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾರೆ. ನಾನು ಹೇಳುವಾಗ ಮನೆಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದರು. ತಲೆ ಎತ್ತಲಿಲ್ಲ.

"ಗೋಡೆಗೆ ನೇತಾಕ್ತಾರಾ?"

"ಹೂಂ ಕಣ್ರೀ."

"ಎಲ್ಲಾ ಅಂಗ್ಡೀಲೂ?"

"ಮೂರೂ ಊರಲ್ಲಿ."

ಇನ್ನೂ ನಾಲ್ಕು ಸುತ್ತು ಸುತ್ತಿದರು. "ಮುಖ ಬರಂಗಿಲ್ಲ. ಬಂತೋ, ಅಲ್ಲಿಗೆ ಮುಗೀತು. ಆಮೇಲೆ ಆ ಟೈಲರ್ ಅಂಗ್ಡಿ ಮೆಟ್ಲೂ ಹತ್ತಂಗಿಲ್ಲ ನೀನು."

"ಬರಲ್ಲ ರೀ" ಅಂದೆ.

ಅತ್ತೆಗೆ ಅಷ್ಟು ಸಾಲಲಿಲ್ಲ. "ನೀವಿಬ್ರು ಮಾತಾಡ್ಕೊಂಬಿಟ್ರೆ ಆಯ್ತಾ? ಅಮ್ಮನ್ನ ಕೇಳ್ಬೇಕು" ಅಂದರು. ನಮ್ಮ ಮನೆದೇವರ ಗುಡಿ ಇರುವುದು ಅಜ್ಜಂಪುರದ ಆಚೆ. ಮನೆ ಕಟ್ಟುವುದಿರಲಿ, ಹೆಣ್ಣು ಕೊಡುವುದಿರಲಿ, ಅಲ್ಲಿ ಪ್ರಸಾದ ಕೇಳಿಯೇ ಮುಂದಿನ ಮಾತು. ಅಮ್ಮನ ಎರಡೂ ಭುಜದ ಮೇಲೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಅಂತ. ಮಂಗಳವಾರ ಹೋದೆವು. ಅತ್ತೆ ಗುಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಜೋರಾಗಿ ಕೇಳಿಕೊಂಡರು. "ನನ್ ಸೊಸೆ ಬ್ಲೌಸ್ ಫೋಟೋಕ್ಕೆ ಬೆನ್ನು ಮಾಡಿ ನಿಲ್ತಾಳಂತೆ ಕಣವ್ವ. ಮುಖ ತೋರ್ಸಲ್ಲ. ಮರ್ಯಾದೆ ಕಾಪಾಡ್ತೀಯ ಅಂದ್ರೆ ಬಲಗಡೆ ಕೊಡು."

ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು. ಎಲ್ಲರೂ ತಿರುಗಿ ನನ್ನ ಬೆನ್ನನ್ನೇ ನೋಡಿದರು. ಹೂ ಬಹಳ ಹೊತ್ತು ಅಲುಗಲಿಲ್ಲ. ಮಂಗಳಾರತಿ ಮುಗಿದು ಗಂಟೆ ನಿಂತ ಮೇಲೆ ಬಲಗಡೆಯ ಹೂ ಜಾರಿ ಬಿತ್ತು. ಅತ್ತೆ ಅದನ್ನು ನನ್ನ ಸೆರಗಿಗೆ ಕಟ್ಟಿದರು.

ಫೋಟೋ ದಿನ ಗೊತ್ತಾಯಿತು. ಅದಕ್ಕೆ ಹಿಂದಿನ ದಿನದಿಂದಲೇ ತಯಾರಿ. ಬಿಗಿ ಬಟ್ಟೆ ಹಾಕಿದರೆ ಬೆನ್ನಿನ ಮೇಲೆ ಪಟ್ಟಿಯ ಗುರುತು ಕೂರುತ್ತದೆ, ಅದು ಹೋಗಲು ಅರ್ಧ ದಿನ ಬೇಕು. ಸಂಜೆಯಿಂದಲೇ ಯಜಮಾನರ ಹಳೇ ಅಂಗಿ ಹಾಕಿಕೊಂಡು ಓಡಾಡಿದೆ. ಎಣ್ಣೆ ಹಚ್ಚಿಕೊಳ್ಳಲಿಲ್ಲ, ದೀಪದ ಬೆಳಕಿಗೆ ಮೈ ಮಿರುಗುತ್ತದೆ ಅಂತ ಫೋಟೋಗ್ರಾಫರ್ ಹೇಳಿ ಕಳಿಸಿದ್ದರು.

ಸ್ಟುಡಿಯೋ ತರೀಕೆರೆಯಲ್ಲಿ, ಮಹಡಿಯ ಮೇಲೆ. ನೆಲದಲ್ಲಿ ಸೀಮೆಸುಣ್ಣದಿಂದ ಎರಡು ಪಾದ ಬರೆದಿದ್ದರು. ಎಡಕ್ಕೊಂದು ಕೊಡೆಯ ಲೈಟು, ಬಲಕ್ಕೆ ಬೆಳಕು ತಿರುಗಿಸಲು ಬಿಳಿ ಥರ್ಮೋಕೋಲ್ ಹಾಳೆ. ಕೂದಲು ಹಾರುತ್ತದೆ ಅಂತ ಫ್ಯಾನ್ ಆಫ್. ಬ್ಲೌಸು ಬೆನ್ನಿಗೆ ಅಂಟಿ ಕೂರಲು ಮುಂದುಗಡೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಹಾಕಿ ಎಳೆದು ಕಟ್ಟುತ್ತಿದ್ದೆವು. ಹಿಂದಿನಿಂದ ನೋಡಿದರೆ ಮದುವೆ ಮನೆಯ ಅಲಂಕಾರ, ಮುಂದಿನಿಂದ ನೋಡಿದರೆ ಹಿತ್ತಲ ಹಗ್ಗ. ಆ ಕ್ಲಿಪ್ಪುಗಳ ಮೇಲೆ ಸೆರಗು ಹೊದ್ದು ನಿಲ್ಲುತ್ತಿದ್ದೆ.

ಫೋಟೋಗ್ರಾಫರ್ ವಯಸ್ಸಾದವರು, ಮಾತು ಕಮ್ಮಿ. ಅವರು ಹೇಳಿಕೊಟ್ಟಿದ್ದನ್ನು ಇವತ್ತಿಗೂ ಪಾಲಿಸುತ್ತೇನೆ. ಭಾರವೆಲ್ಲ ಒಂದು ಕಾಲಿನ ಮೇಲೆ. ಮೊಣಕೈ ಸೊಂಟದಿಂದ ಎರಡು ಬೆರಳು ದೂರ, ನಡುವೆ ಬೆಳಕು ಕಾಣಬೇಕು. ಉಸಿರನ್ನು ಅರ್ಧ ಬಿಟ್ಟು ಹಿಡಿಯಬೇಕು. ಪೂರ್ತಿ ಎಳೆದುಕೊಂಡರೆ ಹೊಲಿಗೆ ಬಿಗಿಯುತ್ತದೆ, ಪೂರ್ತಿ ಬಿಟ್ಟರೆ ಬೆನ್ನು ಕುಸಿಯುತ್ತದೆ.

ಆರನೇ ಬ್ಲೌಸಿಗೆ ಕರೆಂಟು ಹೋಯಿತು. ಕತ್ತಲಲ್ಲಿ, ಸೆಕೆಯಲ್ಲಿ, ಕ್ಲಿಪ್ಪುಗಳ ಸಮೇತ ಕೂತೆವು. ತಿಳಿಹಸಿರು ರೇಷ್ಮೆಯ ಕಂಕುಳಲ್ಲಿ ಬೆವರು ಮೂಡಿತು. ರೇಷ್ಮೆ ಬೆವರು ಕುಡಿದರೆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಟೈಲರ್ ಕಣ್ಣಲ್ಲಿ ನೀರು. ಕರೆಂಟು ಬಂದ ಮೇಲೆ ಪೌಡರ್ ಒತ್ತಿ, ಒಳಗಡೆ ಟಿಶ್ಯೂ ಮಡಚಿ ಇಟ್ಟು, ಆ ಕೈ ಎತ್ತದ ಹಾಗೆ ನಿಂತು ಮುಗಿಸಿದೆವು. ದೇವರು ದೊಡ್ಡವನು, ಕಲೆ ತೋಳಿನ ನೆರಳಲ್ಲಿ ಮುಚ್ಚಿಹೋಯಿತು.

ಹನ್ನೊಂದನೆಯದು ಮೆರೂನ್ ಬಣ್ಣದ್ದು. ಕತ್ತಿನ ಹಿಂದೆ ಎರಡು ದಾರ, ತುದಿಗೆ ಜುಮ್ಕಿ. ಉಸಿರು ಹಿಡಿದು ನಿಂತಿದ್ದೆ. "ಅಕ್ಕ, ದಾರ ಬಿಚ್ಕೊಂತು!" ಅಂತ ಟೈಲರ್ ಕೂಗಿದಳು. ಎಲ್ಲಿ ಅಂತ ಭುಜದ ಮೇಲಿಂದ ತಿರುಗಿ ನೋಡಿದೆ. ಕ್ಯಾಮೆರಾ ಸದ್ದಾಯಿತು. ಫೋಟೋದಲ್ಲಿ ಮುಖ ಬಿತ್ತು ಅಂತ ಆಗ ನನ್ನ ಮನಸ್ಸಿಗೇ ಬರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ, ಮಜ್ಜಿಗೆ ಕಡೆಯುತ್ತಿದ್ದಾಗ ಟೈಲರ್ ಓಡಿಬಂದಳು. ಕ್ಯಾಲೆಂಡರಿನ ಮಾದರಿ ಅವಳ ಫೋನಿಗೆ ಬಂದಿತ್ತು. ಹನ್ನೆರಡು ಪುಟವೂ ಸರಿಯಾಗಿತ್ತು. ಮೊದಲ ಪುಟದಲ್ಲಿ ನಾನಿದ್ದೆ, ಭುಜದ ಮೇಲಿಂದ ತಿರುಗಿ, ಹುಬ್ಬು ಸ್ವಲ್ಪ ಎತ್ತಿ, ತುಟಿ ಅರೆ ಬಿಚ್ಚಿ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೊಸ ವರ್ಷದ ಶುಭಾಶಯ.

"ಎಷ್ಟ್ ಚೆನ್ನಾಗ್ ಬಂದೈತೆ ನೋಡ್ರಕ್ಕ! ಕವರ್‌ಗೆ ಇದೇ ಅಂತೆ. ಸಂಜೆ ಆರಕ್ಕೆ ಪ್ರೆಸ್ಸಿಗೆ ಹೋಗ್ತದಂತೆ."

ಕಡೆಗೋಲು ಕೆಳಗಿಟ್ಟೆ. "ಬೇಡ ಅಂತ ಹೇಳು."

"ನಂಗ್ಯಾಕೋ ಭಯ ಆಗ್ತದಕ್ಕ. ಒಪ್ದಿದ್ರೆ ಹೊಲಿಯೋ ಕೆಲ್ಸ ಬೇರೆಯವ್ರಿಗೆ ಕೊಟ್ಬಿಡ್ತಾರೆ."

ನಾನೇ ಫೋನ್ ಮಾಡಿದೆ. ಅಂಗಡಿಯವರು ನಕ್ಕರು. "ನೋಡಮ್ಮ, ಬೆನ್ನು ಹನ್ನೆರಡು ಪುಟ ಐತೆ. ಕವರ್‌ಗೂ ಬೆನ್ನೇ ಹಾಕಿದ್ರೆ ಜನ ಏನಂತಾರೆ, ಈ ಯಮ್ಮಂಗೆ ಮುಖಾನೇ ಇಲ್ವಾ ಅಂತಾರೆ. ಏನೂ ಆಗಲ್ಲ ಸುಮ್ನಿರಿ." ಫೋನ್ ಇಟ್ಟರು.

ಯಜಮಾನರು ಪಂಚನಹಳ್ಳಿಯ ಕಡೆ ಮೋಟಾರು ಎತ್ತಲು ಹೋಗಿದ್ದರು. ಎತ್ತುವಾಗ ಫೋನ್ ತೆಗೆಯುವುದಿಲ್ಲ. ತೆಗೆದರೂ ಏನು ಹೇಳಲಿ? ಹೇಳಿದರೆ ಕೆಲಸ ಅಲ್ಲಿಗೆ ಮುಗಿಯಿತು. ಹೇಳದೆ ಇದ್ದರೆ ಮುಂದಿನ ತಿಂಗಳು ಯಾವುದೋ ಗೋಡೆಯ ಮೇಲೆ ಅವರೇ ನೋಡುತ್ತಾರೆ.

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ತಾ ಇಲ್ಲಿ" ಅಂತ ಫೋನ್ ಇಸಕೊಂಡು, ಕನ್ನಡಕ ಹಾಕಿಕೊಂಡು ದೂರ ಹಿಡಿದು ನೋಡಿದರು.

"ಚೆನ್ನಾಗೇ ಬಂದಿದೀಯ ಕಣೇ. ಅದೇ ನಂಗೆ ಭಯ."

ಫೋನನ್ನು ಟೈಲರ್ ಕೈಗೆ ಕೊಟ್ಟು ಕನ್ನಡಕ ತೆಗೆದರು.

"ಅಮ್ಮನ ಮುಂದೆ ಬಾಯ್ಬಿಟ್ಟು ಹೇಳಿದೀನಿ, ಮುಖ ತೋರ್ಸಲ್ಲ ಅಂತ. ಶುಕ್ರವಾರ ಹೋಗಿ ಇನ್ನೊಂದ್ ಕಿತ ಕೇಳಾಣ. ಬಲಗಡೆ ಕೊಟ್ರೆ ನಿನ್ ಗಂಡನ್ನ ನಾನು ಒಪ್ಪುಸ್ತೀನಿ."

"ಪ್ರೆಸ್ಸಿಗೆ ಇವತ್ತೇ ಸಂಜೆ ಹೋಗುತ್ತೆ ಅತ್ತೆ."

"ಹಂಗಾರೆ?"

ಒಂದು ಕ್ಷಣ ನನಗೂ ಆಸೆಯಾಗಿತ್ತು, ಇಲ್ಲ ಅನ್ನುವುದಿಲ್ಲ. ಆ ಫೋಟೋದಲ್ಲಿದ್ದವಳು ನನಗೆ ಇಷ್ಟವಾಗಿದ್ದಳು. ಅಮ್ಮ ಇನ್ನೊಂದು ಸಲ ಬಲಗಡೆ ಕೊಟ್ಟರೆ ಎಲ್ಲರ ಬಾಯಿಯೂ ಮುಚ್ಚುತ್ತದೆ. ಆದರೆ ಹಾಗೆ ಕೇಳುವುದು ನನಗೆ ಸರಿ ಕಾಣಲಿಲ್ಲ. ಯಾವ ಮಾತಿನ ಮೇಲೆ ಹೂ ಕೊಟ್ಟಳೋ ಆ ಮಾತು ನಾವೇ ಹೇಳಿದ್ದು. ಉಳಿಸಿಕೊಳ್ಳುವ ಹೊಣೆಯೂ ನಮ್ಮದು. ಸಾಲದ್ದಕ್ಕೆ, ನನ್ನನ್ನು ಕೇಳದೆ ತೆಗೆದ ಫೋಟೋ ಅದು. ಇವತ್ತು ಸುಮ್ಮನಿದ್ದರೆ ನಾಳೆ ಏನು ತೆಗೆದರೂ ಸುಮ್ಮನಿರಬೇಕಾಗುತ್ತದೆ.

"ಇದನ್ನ ಅಮ್ಮನ ಮೇಲೆ ಹಾಕಬಾರದು ಅತ್ತೆ. ನಾನೇ ಹೋಗಿ ಬೇಡ ಅಂತೀನಿ" ಅಂದೆ.

ಅತ್ತೆ ನನ್ನ ಮುಖ ನೋಡಿ, "ಮಜ್ಜಿಗೆ ನಾನ್ ಕಡೀತೀನಿ, ನಡಿ. ಬಸ್ ಹೋಗ್ಬಿಡ್ತದೆ" ಅಂದರು.

ನಾನೂ ಟೈಲರೂ ಎರಡೂವರೆಗೆ ತರೀಕೆರೆ ಬಸ್ ಹಿಡಿದೆವು. ಬೀರೂರಿನಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಟೈಲರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗಾಡಿಯ ಕೊನೆಯ ಡಬ್ಬಿ ಕಂಡಾಗ, "ನಿಮ್ಗೇನಕ್ಕ, ಮನೇಲಿ ದುಡಿಯೋರು ಅವ್ರೆ. ನಂಗೆ ಇದೇ ಅನ್ನ" ಅಂದಳು. ಅದು ನಿಜ. ಲಲಿತಾ ಸಹಸ್ರನಾಮ ಶುರು ಮಾಡಿದೆ, ನಡುವೆ ಎಲ್ಲಿಗೆ ಬಂದೆ ಅಂತ ಮರೆತುಹೋಯಿತು.

ಅಂಗಡಿ ಮುಟ್ಟಿದಾಗ ನಾಲ್ಕು ಗಂಟೆ. ಸಾಹುಕಾರರು ಗಲ್ಲಾದಲ್ಲಿ, ಅವರ ಹೆಂಡತಿ ಒಳಗಡೆ ಲೇಸು ಅಳೆಯುತ್ತಿದ್ದರು. ನಾನು ಕೂರಲಿಲ್ಲ.

"ಮುಖ ಬರಬಾರದು ಅಂತ ಮೊದಲೇ ಹೇಳಿದ್ದೆ ಅಣ್ಣ."

"ಹೇಳಿದ್ರಿ. ಆದ್ರೆ ನೀವೇ ತಿರುಗಿದ್ದಲ್ವಾ? ಯಾರಾದ್ರೂ ಹಿಡ್ಕೊಂಡು ತಿರುಗ್ಸಿದ್ರಾ?"

"ದಾರ ಬಿಚ್ಚಿತು ಅಂದರೆ ಯಾರಾದರೂ ತಿರುಗಿ ನೋಡುತ್ತಾರೆ. ಅದು ಫೋಟೋಗೆ ತಿರುಗಿದ್ದಲ್ಲ."

"ಸರಿ ಬಿಡ್ರಮ್ಮ, ನಿಮ್ದೂ ಬೇಡ, ನಮ್ದೂ ಬೇಡ. ಶಿವಮೊಗ್ಗದಿಂದ ಒಂದ್ ಹುಡ್ಗೀನ ಕರುಸ್ತೀನಿ. ಬ್ಲೌಸೂ ಅಲ್ಲೇ ಹೊಲಿಸ್ತೀನಿ."

ಟೈಲರ್ ನನ್ನ ಕೈ ಹಿಂಡಿದಳು. ಗಡಿಯಾರ ನೋಡಿದೆ. "ಆರರ ತನಕ ಟೈಮಿದೆ. ಕವರ್‌ಗೆ ಬೇರೆ ಫೋಟೋ ಕೊಡುತ್ತೇನೆ. ಇಷ್ಟವಾಗದಿದ್ದರೆ ಹನ್ನೆರಡನ್ನೂ ತೆಗೆದುಬಿಡಿ, ನಾನು ಒಂದು ಮಾತೂ ಆಡುವುದಿಲ್ಲ" ಅಂದೆ. ಯಾವ ಫೋಟೋ ಅಂತ ನನಗೇ ಗೊತ್ತಿರಲಿಲ್ಲ. ಪಣಕ್ಕಿಟ್ಟಿದ್ದರಲ್ಲಿ ಅವಳ ಅನ್ನವೂ ಸೇರಿತ್ತು.

ಸ್ಟುಡಿಯೋದಲ್ಲಿ ಮೆರೂನ್ ಬ್ಲೌಸು ಇನ್ನೂ ಇತ್ತು. ಹಾಕಿಕೊಂಡು ಸೀಮೆಸುಣ್ಣದ ಪಾದದ ಮೇಲೆ ನಿಂತೆ. ಜಡೆ ಎತ್ತಿ ಹಿಡಿದು ತೆಗೆದರು, ಫೋಟೋಗೆ ಜೀವವೇ ಬರಲಿಲ್ಲ. ಕೈಯಲ್ಲಿ ದೀಪ ಹಿಡಿದು ತೆಗೆದರು, ದೀಪವೇ ಕಾಣಲಿಲ್ಲ. ತಲೆಯ ಮೇಲೆ ಸೆರಗು ಹೊದ್ದರೆ ಬ್ಲೌಸೇ ಮುಚ್ಚಿತು. ಐದೂಕಾಲು. ನನ್ನ ಭುಜ ಏರತೊಡಗಿತು. ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ, "ಮೇಡಂ, ಬೆನ್ನು ಬಿಗೀತಾ ಐತೆ. ಒಂದೈದ್ ನಿಮಿಷ ಬಿಡ್ರಿ" ಅಂದರು.

ಟೈಲರ್ ನೀರು ತರಲು ಕೆಳಗೆ ಹೋದಳು. ಕತ್ತಿನ ದಾರದ ಗಂಟು ಸಡಿಲವಾಗಿತ್ತು. ಕಟ್ಟಿಕೊಡಲು ಯಾರೂ ಇಲ್ಲ. ಮನೆಯಲ್ಲೂ ಹೀಗೇ. ಮದುವೆಗೆ ಹೊರಟ ಹೊತ್ತಿನಲ್ಲಿ ಎಲ್ಲರಿಗೂ ಎಲ್ಲ ಮಾಡಿಕೊಟ್ಟು, ಕೊನೆಗೆ ಒಬ್ಬಳೇ ನಿಂತು ಕೈ ಹಿಂದೆ ಹಾಕಿ ದಾರ ಹುಡುಕುತ್ತೇನೆ. ಒಂದು ಕೈಗೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಎರಡೂ ಕೈ ಹಿಂದಕ್ಕೆ ಹಾಕಿ ತಡಕಿದೆ. ತಡಕುತ್ತಾ ಥಟ್ಟನೆ ನಿಂತೆ.

"ಅಣ್ಣ, ಇದನ್ನೇ ತೆಗೀರಿ. ನಾನು ನಿಜವಾಗಿಯೂ ಕಟ್ಟುತ್ತೇನೆ, ಫೋಟೋಗೆ ಅಂತ ನಿಲ್ಲುವುದಿಲ್ಲ. ನೀವು ತೆಗೀತಾ ಇರಿ."

ಕ್ಯಾಮೆರಾದ ಸದ್ದು ಮಾತ್ರ ಕೇಳುತ್ತಿತ್ತು. ನಾನು ಉಸಿರು ಹಿಡಿಯುವುದನ್ನೂ ಮರೆತೆ. ದಾರ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು.

ಹದಿನಾರು ಫೋಟೋ. ಅದರಲ್ಲಿ ಒಂದನ್ನು ಆರಿಸಿ ಅಂಗಡಿಗೆ ಒಯ್ದೆವು. ಮೆರೂನ್ ಬೆನ್ನು, ಅದರ ಮೇಲೆ ಎರಡು ಕೈ. ಬಲಗೈಯಲ್ಲಿ ಒಂದು ದಾರ, ಎಡಗೈ ಬೆರಳು ಇನ್ನೊಂದಕ್ಕೆ ಒಂದಂಗುಲ ದೂರದಲ್ಲಿ. ಮಣಿಕಟ್ಟಿನ ಹತ್ತಿರ ರೊಟ್ಟಿ ಹೆಂಚು ತಾಕಿದ ಸುಟ್ಟ ಗುರುತೂ ಕಾಣುತ್ತಿತ್ತು. ಸಾಹುಕಾರರು ಮುಖ ಗಂಟಿಕ್ಕಿದರು.

"ಇದೇನಮ್ಮ? ಕಟ್ಕೊಳಕ್ಕೆ ಬರ್ದಿರೋ ಬ್ಲೌಸು ಅಂತ ನಾವೇ ಹೇಳ್ದಂಗಾಯ್ತಲ್ಲ!"

ಅವರ ಹೆಂಡತಿ ಲೇಸಿನ ಸುರುಳಿ ಹಿಡಿದುಕೊಂಡೇ ಬಂದು ಇಣುಕಿದರು. ನೋಡಿದವರೇ ಜೋರಾಗಿ ನಕ್ಕುಬಿಟ್ಟರು. "ಅಯ್ಯೋ, ಇದು ನಾನೇ ಕಣ್ರೀ! ಮೊನ್ನೆ ನಾಮಕರಣಕ್ಕೆ ಹೊರಟಾಗ ರೀ ರೀ ಅಂತ ಎಷ್ಟ್ ಕೂಗ್ದೆ, ಬಂದ್ರಾ ನೀವು? ಕಾರಲ್ಲಿ ಕೂತು ಹಾರನ್ ಹೊಡೀತಿದ್ರಿ!"

"ಲೇ, ಅದಕ್ಕೂ ಇದಕ್ಕೂ..."

"ಬ್ಲೌಸು ಹೊಲ್ಸಕ್ಕೆ ಬರೋರು ಹೆಂಗಸ್ರೋ ಗಂಡಸ್ರೋ? ಇದನ್ನ ನೋಡಿ ನಗ್ದೆ ಇರೋ ಹೆಂಗ್ಸು ಇದ್ರೆ ಕರ್ಕೊಂಬನ್ನಿ. ಇದೇ ಹಾಕ್ರಿ."

ಐದೂ ಮುಕ್ಕಾಲಿಗೆ ಆ ಫೋಟೋ ಪ್ರೆಸ್ಸಿಗೆ ಹೋಯಿತು. ಟೈಲರ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಮತ್ತೆ ಸ್ಟುಡಿಯೋಗೆ ಹೋಗಿ, ಮುಖದ ಫೋಟೋವನ್ನು ಕ್ಯಾಮೆರಾದಿಂದಲೂ ಕಂಪ್ಯೂಟರಿನಿಂದಲೂ ನನ್ನೆದುರಿಗೇ ಅಳಿಸಿಸಿದೆ. ನಾನು ನೋಡಿ ಒಪ್ಪದೆ ನನ್ನ ಯಾವ ಫೋಟೋವೂ ಎಲ್ಲಿಗೂ ಹೋಗಬಾರದು ಅಂತ ಒಂದು ಹಾಳೆಯಲ್ಲಿ ಬರೆಸಿ, ಫೋಟೋಗ್ರಾಫರ್, ಸಾಹುಕಾರರು ಇಬ್ಬರ ಸಹಿಯನ್ನೂ ಹಾಕಿಸಿಕೊಂಡೆ. ಈಗ ಯಾರು ಕರೆದರೂ ಮೊದಲು ಆ ಹಾಳೆ, ಆಮೇಲೆ ಬ್ಲೌಸು. ಇನ್ನೆಲ್ಲಾದರೂ ಪ್ರತಿ ಉಳಿದಿದೆಯೋ ಎಂಬ ಅಳುಕು ಬಹಳ ದಿನ ಇತ್ತು. ಇಲ್ಲಿಯವರೆಗೆ ಎಲ್ಲೂ ಕಂಡಿಲ್ಲ, ಅದೂ ಅಮ್ಮನ ದಯೆ.

ಯಜಮಾನರಿಗೆ ಅಂದೇ ಎಲ್ಲ ಹೇಳಿದೆ. ಹಿತ್ತಲಲ್ಲಿ ಕೈ ತೊಳೆಯುತ್ತಾ ಕೇಳಿದರು.

"ಎಲ್ಲಾ ಕಡೆ ಅಳಿಸಿದ್ರಾ?"

"ಅಳಿಸಿದರು. ಟೈಲರ್ ಕಳಿಸಿದ್ದು ನನ್ನ ಫೋನಲ್ಲಿ ಒಂದಿದೆ."

"ತೋರ್ಸು. ನೀನೇ ಹಿಡ್ಕೊ, ಕೈ ಗ್ರೀಸು."

ಹಿಡಿದೆ. ನಲ್ಲಿ ನೀರು ಸುಮ್ಮನೆ ಹೋಗುತ್ತಿತ್ತು. ತುಂಬಾ ಹೊತ್ತು ನೋಡಿ, "ಊಟಕ್ಕಿಡು" ಅಂದರು. ಅಳಿಸು ಅಂತ ಹೇಳಲಿಲ್ಲ. ಇನ್ನು ಆ ಕೆಲಸ ಬಿಡು ಅಂತಲೂ ಹೇಳಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಮುಂದಿನ ವರ್ಷಗಳಲ್ಲಿ ಇನ್ನೂ ಎರಡು ಅಂಗಡಿಯವರು ಕರೆದರು. ಒಮ್ಮೆ ಬಳೆಗೆ ಕೈ ಮಾತ್ರ ಕೊಟ್ಟೆ. ಈ ಮೂರು ಊರಿನಲ್ಲಿ ನನ್ನ ಬೆನ್ನು ನೋಡದ ಟೈಲರ್ ಇಲ್ಲ, ನನ್ನನ್ನು ಗುರುತಿಸುವವರೂ ಇಲ್ಲ.

ಹೋದ ತಿಂಗಳು ನಾನೂ ಅತ್ತೆಯೂ ಅಜ್ಜಂಪುರಕ್ಕೆ ಹೋಗಿದ್ದೆವು, ಅಲ್ಲಿರುವ ನಾದಿನಿ ಕೊಟ್ಟ ಸೀರೆಗೆ ಅವರ ಬೀದಿಯಲ್ಲೇ ಬ್ಲೌಸು ಹೊಲಿಸೋಣ ಅಂತ. ಅಂಗಡಿಯಲ್ಲಿ ಚುರುಕಾದ ಹೆಂಗಸು, ಬಾಯಲ್ಲಿ ಪಿನ್ನು. ಅವಳ ಹಿಂದೆ ಗೋಡೆಯ ಮೇಲೆ ಆ ಕ್ಯಾಲೆಂಡರಿನ ಮೊದಲ ಪುಟ. ತಾರೀಕಿನ ಪುಟಗಳೆಲ್ಲ ಹೋಗಿದ್ದರೂ ಅದೊಂದನ್ನು ಕತ್ತರಿಸಿ ಅಂಟಿಸಿಕೊಂಡಿದ್ದಳು.

"ಆ ಥರ ಹೊಲಿದುಕೊಡ್ತೀರಾ?" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪು ತಿಳ್ಕೋಬೇಡ್ರಿ ಅಕ್ಕ. ಅವ್ರು ಬೆಂಗ್ಳೂರಿನ ಮಾಡೆಲ್ಲು, ಅವ್ರ ಮೈಕಟ್ಟಿಗೆ ಅದು ಒಪ್ತದೆ. ನಿಮಗ್ಯಾಕೆ ಅದು? ಕ್ಲೋಸ್ ನೆಕ್ ಹೊಲೀತೀನಿ, ಗೌರವವಾಗಿರ್ತದೆ."

ಅತ್ತೆಗೆ ನಗು ಬಂದು ಸೆರಗು ಬಾಯಿಗೆ ಹಿಡಿದರು. ಆಮೇಲೆ, "ಅಳತೆ ತಗಳವ್ವ ಮೊದ್ಲು, ಆಮೇಲ್ ಹೇಳುವಂತೆ" ಅಂದರು.

ನಾನು ಬೆನ್ನು ಮಾಡಿ ನಿಂತೆ. ಟೇಪು ಒಂದು ಭುಜದಿಂದ ಇನ್ನೊಂದಕ್ಕೆ ಹೋಯಿತು. ಕತ್ತಿನಿಂದ ಸೊಂಟದವರೆಗೆ ಇಳಿಯಿತು. ಅಭ್ಯಾಸ ನೋಡಿ, ಭಾರ ತಾನಾಗಿಯೇ ಒಂದು ಕಾಲಿಗೆ ಹೋಯಿತು, ಮೊಣಕೈ ಸೊಂಟ ಬಿಟ್ಟು ಎರಡು ಬೆರಳು ದೂರ ಸರಿಯಿತು. "ಕೈ ಸ್ವಲ್ಪ ಹಿಂದಕ್ಕೆ ತನ್ನಿ" ಅಂದಳು. ಎರಡೂ ಕೈ ಹಿಂದಕ್ಕೆ ತಂದೆ, ಮಣಿಕಟ್ಟಿನ ಸುಟ್ಟ ಗುರುತು ಅವಳ ಕಣ್ಣೆದುರಿಗೇ ಬಂದಿರಬೇಕು.

ಟೇಪು ಅರ್ಧದಲ್ಲೇ ನಿಂತಿತು. ಬಾಯಲ್ಲಿದ್ದ ಪಿನ್ನೊಂದು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಅಕ್ಕ," ಅಂದಳು ಮೆಲ್ಲಗೆ, "ಸ್ವಲ್ಪ ಈ ಕಡೆ ತಿರುಗ್ತೀರಾ?"

"ನೀವು ಅಳತೆ ಬರ್ಕೊಳಿ" ಅಂದೆ, ತಿರುಗದೆಯೇ.